ಮಗಳ ಎದೆಯ ಗಂಟು, ತಾಯಿಯ ಮನದ ಭಯ



ರಾಮಸಮುದ್ರದಂಥ ಯಾದಗಿರಿ ಸೀಮೆಯ ಹಳ್ಳಿಯಲ್ಲಿ ಹದಿನಾಲ್ಕು ವರ್ಷದ ಹೆಣ್ಣುಮಗಳ ಎದೆಯಲ್ಲಿ ಗಂಟೊಂದು ಕಂಡರೆ ಅವಳು ಯಾರಿಗೆ ಹೇಳುತ್ತಾಳೆ? ಅನೇಕ ಸಲ ಯಾರಿಗೂ ಇಲ್ಲ. ಧೈರ್ಯ ಮಾಡಿ "ಯವ್ವಾ, ಇಲ್ಲೊಂದು ಗಂಟು ಆಗೇದ" ಎಂದರೆ ತಾಯಿಯ ಜೀವ ಹಾರಿಹೋಗುತ್ತದೆ. ಕ್ಯಾನ್ಸರ್ ಎಂಬ ಶಬ್ದವನ್ನು ಆಕೆ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಅದೇ ಮನಸ್ಸಿನಲ್ಲಿ ಕುಳಿತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಚಿಂತೆ: ನಾಲ್ಕು ಜನಕ್ಕೆ ತಿಳಿದರೆ ನಾಳೆ ಈಕೆಯನ್ನು ಮಾಡಿಕೊಳ್ಳುವವರು ಯಾರು?

ಗುರುಗಳು ಇಂಥದ್ದನ್ನೆಲ್ಲ ಬರೆಯಬೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಬರೆಯಬೇಕು. ದೇವರು ಸೃಷ್ಟಿಸಿದ ದೇಹದಲ್ಲಿ ಹೆಸರು ಹೇಳಬಾರದಂಥ ಅಂಗ ಯಾವುದೂ ಇಲ್ಲ.

ಮೊದಲು ವೈದ್ಯರ ಮಾತು ಕೇಳೋಣ. ಹದಿಹರೆಯದಲ್ಲಿ ಸ್ತನದ ಕ್ಯಾನ್ಸರ್ ಅತ್ಯಂತ ವಿರಳ. ಎಂಟರಿಂದ ಹದಿಮೂರು ವರ್ಷದೊಳಗೆ ಎದೆ ಬೆಳೆಯಲಾರಂಭಿಸುವಾಗ ಮೊಲೆತೊಟ್ಟಿನ ಕೆಳಗೆ ನಾಣ್ಯದಂಥ ಗಟ್ಟಿ ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಅದು ಮೊದಲು ಒಂದೇ ಕಡೆ ಬರುವುದೂ ಉಂಟು. ಇದು ರೋಗವಲ್ಲ, ಬೆಳವಣಿಗೆ. ಇದನ್ನು ಗಡ್ಡೆಯೆಂದು ತಿಳಿದು ಕೊಯ್ಯಿಸಿದರೆ ಆ ಕಡೆಯ ಸ್ತನ ಮುಂದೆ ಬೆಳೆಯದೇ ಹೋಗಬಹುದು. ಇನ್ನು ಸ್ವಲ್ಪ ದೊಡ್ಡ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಫೈಬ್ರೋಅಡಿನೋಮ ಎಂಬ ಗಂಟು. ರಬ್ಬರಿನ ಗೋಲಿಯಂತೆ ನುಣುಪಾಗಿರುತ್ತದೆ, ಬೆರಳಿಗೆ ಸಿಕ್ಕದೆ ಜಾರುತ್ತದೆ, ಸಾಮಾನ್ಯವಾಗಿ ನೋಯುವುದಿಲ್ಲ. ಎಷ್ಟೋ ಗಂಟುಗಳು ತಾವಾಗಿಯೇ ಕುಗ್ಗುತ್ತವೆ. ಮುಂದೆ ಮದುವೆಗಾಗಲಿ, ಮಗುವಿಗೆ ಹಾಲೂಡಿಸುವುದಕ್ಕಾಗಲಿ ಅದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ.

ಹಾಗೆಂದು ಮನೆಯಲ್ಲೇ ತೀರ್ಮಾನ ಮಾಡಿಬಿಡಬಾರದು. ಗಂಟು ಬೇಗಬೇಗ ದೊಡ್ಡದಾದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗದಿದ್ದರೆ, ಮೇಲಿನ ಚರ್ಮ ಒಳಕ್ಕೆ ಎಳೆದಂತಾದರೆ, ತೊಟ್ಟಿನಿಂದ ರಕ್ತ ಬಂದರೆ, ಕಂಕುಳಲ್ಲೂ ಗಂಟಿದ್ದರೆ ತಡಮಾಡದೆ ತೋರಿಸಬೇಕು. ಕೆಂಪಾಗಿ ಜ್ವರ ಬಂದರೆ ಕೀವು ತುಂಬಿರಬಹುದು, ಅಂದೇ ಹೊರಡಬೇಕು. ಬರೆ ಹಾಕಿಸುವುದು, ಸುಣ್ಣ ಹಚ್ಚುವುದು, ಹಿಸುಕುವುದು ಖಂಡಿತ ಕೂಡದು. ಎಲ್ಲಕ್ಕಿಂತ ಕೆಟ್ಟ ಸಲಹೆ "ಮದುವೆಯಾದರೆ ಕರಗುತ್ತದೆ" ಎಂಬುದು. ಹದಿನೆಂಟು ತುಂಬದವಳಿಗೆ ಮದುವೆ ಔಷಧವಲ್ಲ, ಅಪರಾಧ.

ಭಯದ ಬಗ್ಗೆ ಸಂತ ಥಾಮಸ್ ಅಕ್ವಿನಾಸರು ಹೇಳುವ ವಿಚಾರವೊಂದು ಇಲ್ಲಿ ಒಪ್ಪುತ್ತದೆ. ಮಿತವಾದ ಭಯ ಮನುಷ್ಯನನ್ನು ಬಲ್ಲವರ ಸಲಹೆ ಕೇಳಲು ಹಚ್ಚುತ್ತದೆ. ಅತಿಯಾದ ಭಯ ವಿವೇಚನೆಯನ್ನೇ ಕದಡಿಬಿಡುತ್ತದೆ. ತಾಯಿಗೆ ಭಯವಾಗುವುದು ವಿಶ್ವಾಸದ ಕೊರತೆಯಲ್ಲ. ಆ ಭಯ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತದೋ, ಬಾಯಿ ಮುಚ್ಚಿಸಿ ಮನೆಯಲ್ಲೇ ಕೂರಿಸುತ್ತದೋ ಎಂಬುದೇ ಪ್ರಶ್ನೆ.

ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ಈ ಚಿಂತೆಯಲ್ಲಿರುವವರು ಓದಿ ನೋಡಬೇಕು. ಹನ್ನೆರಡು ವರ್ಷದ ಮಗಳಿಗಾಗಿ ಯಾಯೀರನು ಎಲ್ಲರ ಎದುರಿಗೆ ಯೇಸುವಿನ ಕಾಲಿಗೆ ಬೀಳುತ್ತಾನೆ. ಅದೇ ದಾರಿಯಲ್ಲಿ, ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ನಾಚಿಕೊಂಡು ಹಿಂದಿನಿಂದ ಬರುತ್ತಾಳೆ. ಆಕೆ ವೈದ್ಯರಿಗೆ ಇದ್ದದ್ದನ್ನೆಲ್ಲ ಸುರಿದಳೆಂದು ಮಾರ್ಕನು ಬರೆದಿರುವುದು ನಿಜ. ಆದರೆ ವೈದ್ಯನನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕಲಿಸುತ್ತದೆ. ಯೇಸು ಆ ಹೆಂಗಸಿನ ಬಾಯಿಯಿಂದಲೇ ಸತ್ಯ ಹೊರಡಿಸಿ, ಅವಳನ್ನು ಮಗಳೇ ಎಂದು ಕರೆಯುತ್ತಾರೆ. ಯಾಯೀರನ ಮನೆಯಲ್ಲಿಯಾದರೋ ಗದ್ದಲದ ಜನರನ್ನು ಹೊರಗೆ ಕಳುಹಿಸಿ, ತಂದೆತಾಯಿಯನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗೆ ಕರೆದುಕೊಳ್ಳುತ್ತಾರೆ. ಮಗಳ ವಿಷಯ ಓಣಿಗೆಲ್ಲ ತಿಳಿಯಬೇಕಾಗಿಲ್ಲ, ತಿಳಿಯಬೇಕಾದವರಿಗೆ ಮಾತ್ರ ತಿಳಿಯಲಿ. ತಂದೆಯೂ ಅವರಲ್ಲೊಬ್ಬ. "ಅದು ಹೆಂಗಸರ ವಿಷಯ" ಎಂದು ಹೊರಗೆ ಕುಳಿತುಕೊಳ್ಳಲು ಯಾಯೀರನೂ ಕಲಿತಿರಲಿಲ್ಲ.

ಸ್ತನದ ಬೇನೆಯುಳ್ಳವರು ಕಟಾನಿಯದ ರಕ್ತಸಾಕ್ಷಿ ಸಂತ ಆಗತಮ್ಮನವರ ಬಿನ್ನಹ ಬೇಡುವುದು ಶ್ರೀಸಭೆಯ ಹಳೆಯ ವಾಡಿಕೆ. ಫೆಬ್ರವರಿ 5 ಅವರ ಹಬ್ಬ. ಜಪಸರ ಮಾಡಿರಿ, ಆಶೀರ್ವಾದಕ್ಕೆ ಗುಡಿಗೂ ಬನ್ನಿರಿ. ಆದರೆ ಪ್ರಾರ್ಥನೆಯ ಒಂಬತ್ತು ದಿನ ಮುಗಿಯಲೆಂದು ಆಸ್ಪತ್ರೆಯನ್ನು ಮುಂದೂಡಬೇಡಿರಿ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಮಗಳನ್ನು ಕೇಳಲೂಬೇಡಿರಿ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ ಇಂಥ ಪ್ರಶ್ನೆಯನ್ನು ಯೇಸು ತಳ್ಳಿಹಾಕಿದರು.

ಊರಿನ ಆಶಾ ಕಾರ್ಯಕರ್ತೆಗೆ ಗುಟ್ಟಾಗಿ ಹೇಳಿದರೆ ದಾರಿ ತೋರಿಸುತ್ತಾಳೆ. ಯಾದಗಿರಿಯ ಸರಕಾರಿ ಆಸ್ಪತ್ರೆಯಲ್ಲಿ ಮಹಿಳಾ ವೈದ್ಯರು ಬೇಕೆಂದು ಕೇಳಿರಿ. ಪರೀಕ್ಷೆಯ ಹೊತ್ತಿಗೆ ತಾಯಿ ಮಗಳ ಪಕ್ಕದಲ್ಲೇ ಇರಲಿ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಮಾಡಿಸುವುದು ಅಲ್ಟ್ರಾಸೌಂಡ್ ಸ್ಕ್ಯಾನ್, ಅದರಲ್ಲಿ ನೋವಿಲ್ಲ. ಸಂಶಯವಿದ್ದರೆ ಸಣ್ಣ ಸೂಜಿಯಿಂದ ತುಸು ತೆಗೆದು ಪರೀಕ್ಷಿಸುತ್ತಾರೆ. ಹೆಚ್ಚಿನದು ಬೇಕಾದರೆ ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಹೊರಡುವಾಗ ಬಿ.ಪಿ.ಎಲ್. ಕಾರ್ಡು, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕೇಳುತ್ತಾರೆ. "ಏನೂ ಇಲ್ಲ, ಕೆಲವು ತಿಂಗಳು ಬಿಟ್ಟು ಬನ್ನಿರಿ" ಎಂದು ವೈದ್ಯರು ಹೇಳಿದರೆ ಆ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸ್ಕ್ಯಾನಿನ ಚೀಟಿಯನ್ನು ಜೋಪಾನವಾಗಿಡಿರಿ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಅದು ಮರೆತುಹೋಗುವುದುಂಟು.