ರವಿಕೆಗೆ ತಂತಿ ಹೊಲಿಯುವ ಮುನ್ನ

ನೋಡವ್ವ, ಹೃದಯದ ಬಡಿತ ಅಳೆಯುವ ಅಂಗಿ ಮಾಡಲು ಹೊರಟಿದ್ದೀ, ಸಂತೋಷ. ನೀನು ಓದುವ ನಾಗಪುರದ ವಿಎನ್‌ಐಟಿಗೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ ಎಂದು ನನಗೊಂದು ಸಣ್ಣ ಹೆಮ್ಮೆಯೂ ಇದೆ, ಇರಲಿ. ಸರ್ಕ್ಯೂಟು ನಿನಗೆ ಗೊತ್ತು. ನಾನು ಹೇಳುವುದು ಬಟ್ಟೆಯ ಮಾತು.

ಮೈಗಂಟುವ ಟೀ ಶರ್ಟನ್ನು ಮರೆತುಬಿಡು. ಇಲ್ಲಿನ ರಾಮದಾಸಪೇಠ್‌ನ ಆಸ್ಪತ್ರೆಗಳಿಗೆ ಬರುವ ಅಜ್ಜಿಯರು ಅದನ್ನು ತೊಡುವವರಲ್ಲ. ಅವರ ಮೈಮೇಲೆ ಅಳತೆ ಕೊಟ್ಟು ಹೊಲಿಸಿದ ರವಿಕೆ ಆಗಲೇ ಇದೆ. ಅದರ ಕೆಳಪಟ್ಟಿ ಕೂರುವುದು ಓಟಗಾರರು ಬಡಿತ ಅಳೆಯಲು ಬೆಲ್ಟ್ ಕಟ್ಟಿಕೊಳ್ಳುವ ಜಾಗದಲ್ಲೇ! ಬಡಿತ ಹಿಡಿಯುವ ಎಲೆಕ್ಟ್ರೋಡ್ ಜಾರಬಾರದೆಂದು ಇಡೀ ಪಟ್ಟಿ ಬಿಗಿ ಮಾಡಬೇಡ, ಮೈಯಲ್ಲಿ ಬರೆ ಮೂಡುತ್ತದೆ. ಎಲೆಕ್ಟ್ರೋಡಿನ ಹಿಂದಷ್ಟೇ ತೆಳು ಸ್ಪಂಜು ಇಟ್ಟರೆ ಅಲ್ಲಿ ಮಾತ್ರ ಒತ್ತುತ್ತದೆ.

ತಂತಿಯಾಗಿ ನೀನು ಹೊಲಿಯುವ ಬೆಳ್ಳಿ ಲೇಪದ ದಾರ ನಮಗೇನೂ ಹೊಸತಲ್ಲ. ರೇಷ್ಮೆ ಎಳೆಗೆ ಬೆಳ್ಳಿಯ ತೆಳು ಪಟ್ಟಿ ಸುತ್ತಿ ಜರಿ ಮಾಡಿದವರು ನಾವು. ಜರಿ ಚುಚ್ಚುತ್ತದೆಂದೇ ದರ್ಜಿ ಒಳಗೆ ಹತ್ತಿಯ ಅಸ್ತರು ಕೊಡುತ್ತಾನೆ. ನೀನೂ ಕೊಡು. ಆದರೆ ಬೆವರೆಂದರೆ ಉಪ್ಪುನೀರು. ಅಸ್ತರು ತೊಯ್ದರೆ ಎರಡು ದಾರಗಳ ನಡುವೆ ವಿದ್ಯುತ್ತು ಸೋರಿ ಲೆಕ್ಕ ಕೆಡುತ್ತದೆ, ಅವನ್ನು ದೂರದೂರ ಹೊಲಿ. ನೇರ ಹೊಲಿಗೆ ಬಟ್ಟೆ ಹಿಗ್ಗಿದಾಗ ಪಟ್ಟನೆ ಕಡಿಯುತ್ತದೆ, ಅಂಕುಡೊಂಕು ಹೊಲಿಗೆ ತಡೆದುಕೊಳ್ಳುತ್ತದೆ.

2017ರಲ್ಲಿ ಗೂಗಲ್ ಮತ್ತು ಲೀವೈಸ್ ಸೇರಿ ತಂದ ಸ್ಮಾರ್ಟ್ ಜಾಕೆಟ್ಟು ಗೊತ್ತಲ್ಲ? ತೋಳಿನ ತುದಿಯ ಯಂತ್ರವನ್ನು ಕಳಚಬಹುದಿತ್ತು, ಜಾಣತನದ ಕೆಲಸ. ಆದರೆ ಹತ್ತು ಸಲ ಒಗೆಯುವವರೆಗಷ್ಟೇ ಅದರ ಭರವಸೆ. ನಾಗಪುರದ ಮೇ ತಿಂಗಳಲ್ಲಿ ತೊಟ್ಟ ಬಟ್ಟೆ ಅಂದೇ ಒಗೆತಕ್ಕೆ ಬೀಳುತ್ತದೆ. ಹತ್ತು ಒಗೆತವೆಂದರೆ ಎರಡು ವಾರವೂ ಇಲ್ಲ.

ಹಾಗಾಗಿ ಬ್ಯಾಟರಿ, ಚಿಪ್ ಎಲ್ಲ ಒಂದೇ ಡಬ್ಬಿಯಲ್ಲಿರಲಿ, ಟಿಚ್ ಬಟನ್‌ನಿಂದ ಕಳಚುವಂತಿರಲಿ. ಇಸಿಜಿಯ ವೈರುಗಳೂ ಅಂಥ ಗುಂಡಿಗೇ ಸಿಕ್ಕಿಸುವುದು. ಡಬ್ಬಿ ಬೆನ್ನಿಗೆ ಬೇಡ, ಮಲಗಿದರೆ ಒತ್ತುತ್ತದೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ದಾಟಿದ ಶಾಖದಲ್ಲಿ ಚಾರ್ಜ್ ಮಾಡಬಾರದು, ನಮ್ಮೂರಲ್ಲಿ ಬೇಸಿಗೆಗೆ ನೆರಳೇ ಅಷ್ಟು ಕಾಯುತ್ತದೆ. ತಂಪು ಕೋಣೆಯಲ್ಲಿಟ್ಟು ಚಾರ್ಜ್ ಮಾಡಿ ಎಂದು ಡಬ್ಬಿಯ ಮೇಲೇ ಮರಾಠಿ, ಹಿಂದಿಯಲ್ಲಿ ಬರೆ.

ಮೊದಲ ರವಿಕೆಯನ್ನು ಎಸಿ ಲ್ಯಾಬಿನಲ್ಲಿ ಪರೀಕ್ಷಿಸಬೇಡ, ಒಲೆ ಮುಂದೆ ರೊಟ್ಟಿ ಬಡಿಯುವವರಿಗೆ ತೊಡಿಸು. ನಿಮ್ಮತ್ತೆ ಒಪ್ಪಿದ್ದಾಳೆ. ಬಣ್ಣ ಮಾತ್ರ ತಾನೇ ಆರಿಸುತ್ತಾಳಂತೆ.