ಬಗ್ಗಿದ ನಳಿಗೆ

ಟ್ರಿಗರ್ ಒತ್ತಿದವನು ಅಕ್ಕನ ಮಗ. ಬಾಯಿ ತೆರೆದ ಬಂದೂಕನ್ನು ಅವನ ಕೈಗೆ ಕೊಟ್ಟು ಚಹಾ ತರಲು ಒಳಗೆ ಹೋದವನು ನಾನು. ಹಾಗಾಗಿ ಬೈಸಿಕೊಳ್ಳಬೇಕಾದವರು ಯಾರು ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ.

ಬಂದೂಕು ಎಂದರೆ ಏರ್ ರೈಫಲ್. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ ಬಲೂನ್ ಹೊಡೆಯಲು ಕೊಡುತ್ತಾರಲ್ಲ, ಅದೇ ಜಾತಿಯದು, ತುಸು ಒಳ್ಳೆಯ ಮನೆತನದ್ದು. ನಳಿಗೆಯನ್ನು ಕೆಳಕ್ಕೆ ಮಡಚಿದರೆ ಒಳಗಿನ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಬಿಗಿಯುತ್ತದೆ. ನಳಿಗೆಯ ಹಿಂಬದಿಗೆ ಸೀಸದ ಪೆಲೆಟ್ ಇಟ್ಟು, ಮೇಲೆತ್ತಿ ಮುಚ್ಚಿ, ಹೊಡೆಯುವುದು. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲಿನಿಂದ ಹಿತ್ತಲ ಗೋಡೆಗೆ ಹತ್ತು ಮೀಟರಿಗೆ ಒಂದು ಗೇಣು ಹೆಚ್ಚು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದೂ ಇಷ್ಟೇ ದೂರದಲ್ಲಿ. ಅವರ ರೈಫಲ್‌ಗೂ ನನ್ನದಕ್ಕೂ ಕುದುರೆಗೂ ಕತ್ತೆಗೂ ಇರುವಷ್ಟು ನೆಂಟಸ್ತಿಕೆ. ಆ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಸಾಸಿವೆ ಕಾಳಿಗಿಂತ ಸಣ್ಣದು. ನನಗೆ ಒಂದು ರೂಪಾಯಿ ನಾಣ್ಯದೊಳಗೆ ಐದು ತೂತು ಬಿದ್ದರೆ ಸಾಕಿತ್ತು, ಬೀಳುತ್ತಲೂ ಇದ್ದವು.

ನಳಿಗೆ ಮಡಚಿಯೇ ಇರುವಾಗ ಟ್ರಿಗರ್ ಒತ್ತಿದರೆ ಸ್ಪ್ರಿಂಗಿನ ಬಲವೆಲ್ಲ ನಳಿಗೆಗೇ ಬೀಳುತ್ತದೆ. ಅದು ಇಲಿಬೋನಿನ ಹಾಗೆ ಫಟ್ಟನೆ ಮೇಲೆ ಬಡಿದು ಮುಚ್ಚಿಕೊಳ್ಳುತ್ತದೆ. ನಡುವೆ ಬೆರಳಿದ್ದರೆ ಬೆರಳು ಹೋಗುತ್ತದೆ. ಹುಡುಗನ ಬೆರಳು ಅಲ್ಲಿ ಇರಲಿಲ್ಲ, ಅದೊಂದು ಪುಣ್ಯ. ನಳಿಗೆ ಮಾತ್ರ ಮೇಲ್ಮುಖವಾಗಿ ಬಗ್ಗಿತು. ಕಣ್ಣಿಗೆ ಏನೂ ಕಾಣಲಿಲ್ಲ. ಗುರಿಯ ಹಾಳೆಯಲ್ಲಿ ಮಾತ್ರ ಪೆಲೆಟ್‌ಗಳು ಐದು ಸೆಂಟಿಮೀಟರ್ ಮೇಲೆ ಹೋಗಿ ಕೂತಿದ್ದವು. ಲೆಕ್ಕ ಹಾಕಿದರೆ ಕಾಲು ಡಿಗ್ರಿಗಿಂತ ಕೊಂಚ ಹೆಚ್ಚಿನ ಬಾಗು. ನಳಿಗೆಯನ್ನು ಬಿಚ್ಚಿ ಟ್ಯೂಬ್‌ಲೈಟ್‌ಗೆ ಹಿಡಿದು ನೋಡಿದಾಗ ಖಾತ್ರಿಯಾಯಿತು. ನೇರ ನಳಿಗೆಯೊಳಗೆ ಬೆಳಕಿನ ಬಳೆಗಳು ಒಂದರೊಳಗೊಂದು ಸರಿಯಾಗಿ ಕೂಡುತ್ತವೆ, ನನ್ನದರಲ್ಲಿ ಒಂದು ಕಡೆಗೆ ಜಾರಿದ್ದವು.

ಆ ನಳಿಗೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹಿರಿಯರು, "ಕೊಳಲೇನ್ರಿ?" ಎಂದರು. ಧಾರವಾಡದಲ್ಲಿ ಉದ್ದನೆಯ ಗಂಟು ಕಂಡರೆ ಮೊದಲು ಸಂಗೀತವೇ ನೆನಪಾಗುತ್ತದೆ. ಹೂಂ ಎಂದುಬಿಟ್ಟೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಲೇತ್ ಅಂಗಡಿಯವನು ಪೇಪರ್ ಬಿಚ್ಚಿದ್ದೇ ಎರಡು ಹೆಜ್ಜೆ ಹಿಂದೆ ಸರಿದ. "ಬಂದೂಕಿನ ಕೆಲಸ ನಾ ಮುಟ್ಟಂಗಿಲ್ರಿ ಸರ. ನಾಳೆ ಪೊಲೀಸರು ಬಂದ್ರ ನೀವು ಬರ್ತೀರೇನು?"

ಅವನು ಹೇಳಿದ್ದು ಸರಿ. ಗುಂಡಿನ ಬಂದೂಕನ್ನು ದುರಸ್ತಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬೇರೆಯೇ ಲೈಸನ್ಸ್ ಬೇಕು, ಬಂದೂಕು ಇಟ್ಟುಕೊಳ್ಳುವ ಲೈಸನ್ಸ್ ಇದ್ದರೆ ಸಾಲದು. ಪಕ್ಕದ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ಸ್ಪರ್ಧೆಯಲ್ಲಿ ಒಲಿಂಪಿಕ್ ಕಂಚು ಗೆದ್ದ ರೈಫಲ್ ಆ ಜಾತಿಯದು. ನನ್ನದು ಅದಲ್ಲ. 2016ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ದಾಟದ, 20 ಜೂಲ್ ಮೀರದ ಗಾಳಿ ಬಂದೂಕಿಗೆ ಲೈಸನ್ಸ್ ಬೇಕಿಲ್ಲ. ಇದನ್ನೆಲ್ಲ ಅವನಿಗೆ ವಿವರಿಸುವ ಹೊತ್ತಿಗೆ ಎರಡು ಕಪ್ ಚಹಾ ಆಯಿತು. ಆಮೇಲೂ ಅವನು ನಳಿಗೆಯನ್ನು ನೆಟ್ಟಗೆ ಮಾಡಲು ಒಪ್ಪಲಿಲ್ಲ. "ಹೊಸಾದು ತಂದು ಹಾಕ್ರಿ. ಬಾಗಿದ್ದು ಮತ್ತ ಬಾಗ್ತದ" ಎಂದ.

ಲೈಸನ್ಸ್ ಬೇಕಾಗುವ ಜಾತಿಯದು ಕಲಘಟಗಿ ಕಡೆಯ ನಮ್ಮ ಮಾವನ ಬಳಿ ಇದೆ, ಕಾಡುಹಂದಿ ಕಾಟಕ್ಕೆಂದು ಲೈಸನ್ಸ್ ಪಡೆದ ಹಳೆಯ ಬಂದೂಕು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರಬೇಕು. ಪ್ರತಿ ಸಲ ಒಪ್ಪಿಸಿ ಬಂದ ರಾತ್ರಿ ಮಾವನಿಗೆ ಹಲಗಲಿ ಬೇಡರ ನೆನಪಾಗುತ್ತದೆ. 1857ರಲ್ಲಿ ಹತಾರ ಕೊಡುವುದಿಲ್ಲವೆಂದು ಕಂಪನಿ ಸರಕಾರದ ವಿರುದ್ಧ ಎದ್ದು, ಊರನ್ನೇ ಸುಡಿಸಿಕೊಂಡವರ ಕಥೆಯನ್ನು ಊಟ ಮುಗಿಯುವವರೆಗೆ ಹೇಳುತ್ತಾನೆ. ಬೆಳಿಗ್ಗೆ ಎದ್ದು, ಠಾಣೆಯ ರಸೀದಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡುತ್ತಾನೆ. ಏರ್‌ಗನ್ ಸುದ್ದಿ ತೆಗೆದರೆ, "ಅದೇನು ಬಂದೂಕಪ್ಪ, ಸೈಕಲ್ ಪಂಪು" ಎನ್ನುತ್ತಾನೆ.

ಲೇತಿನವನು ಹೇಳಿದಂತೆ ಹೊಸ ನಳಿಗೆ ತರಿಸಿದೆ, ಅದು ಬರುವವರೆಗೆ ಹಳೆಯದನ್ನೇ ಮತ್ತೆ ಸಿಕ್ಕಿಸಿಟ್ಟಿದ್ದೆ. ಒಂದು ಭಾನುವಾರ ವರಾಂಡದಲ್ಲಿ ಪೇಪರ್ ಹಾಸಿ ಕೂತೆ. ಸ್ಪ್ರಿಂಗ್ ಬಿಗಿದಿಲ್ಲ, ಒಳಗೆ ಪೆಲೆಟ್ ಇಲ್ಲ ಎಂದು ಎರಡು ಸಲ ನೋಡಿಕೊಂಡೆ. ಮರದ ಹಿಡಿಯ ಮೂರು ಸ್ಕ್ರೂ ಬಿಚ್ಚಿ, ನಳಿಗೆ ಮಡಚಿಕೊಳ್ಳುವ ಕೀಲಿನ ಬೋಲ್ಟ್ ತೆಗೆದರೆ ಹಳೆಯದು ಕೈಗೆ ಬರುತ್ತದೆ. ಸ್ಪ್ರಿಂಗ್ ಇರುವ ಕೊಳವೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಅರ್ಧ ಗಂಟೆಯ ಕೆಲಸ. ಎಷ್ಟು ಸಲೀಸಾಗಿ ಆಯಿತೆಂದರೆ ಹೆಂಡತಿಯನ್ನು ಕರೆದು ತೋರಿಸಿದೆ. ಪೇಪರನ್ನು ಮಡಚಿ ಕಸದ ಬುಟ್ಟಿಗೆ ಹಾಕಿ, ಕೊನೆಗೆ ಹೊಲಿಗೆ ಮಶೀನಿನ ಎಣ್ಣೆ ತಂದು ಕೀಲಿಗೆ ಎರಡು ಹನಿ ಬಿಟ್ಟೆ. ಗಾಳಿ ಬರುವ ತೂತಿಗೂ ನಾಲ್ಕು ಹನಿ ಬಿಟ್ಟೆ.

ಮೊದಲ ಹೊಡೆತಕ್ಕೆ ಲಕ್ಷ್ಮೀ ಪಟಾಕಿ ಒಡೆದ ಸದ್ದು. ನಳಿಗೆಯ ತುದಿಯಿಂದ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಏನ್ರೀ, ದೀಪಾವಳಿ ಈಗ ಶುರು ಮಾಡೀರಿ?" ಎಂದರು. ಪಿಸ್ಟನ್ ನುಗ್ಗಿದಾಗ ಒಳಗಿನ ಗಾಳಿ ಎಷ್ಟು ಬಿಸಿಯಾಗುತ್ತದೆಂದರೆ ಎಣ್ಣೆ ಇದ್ದರೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ ಓಡುವುದೂ ಹೀಗೆಯೇ. ಕೀಲಿಗೆ ಎಣ್ಣೆ ಸರಿ, ಗಾಳಿಯ ದಾರಿಗೆ ಒಂದು ಹನಿಯೂ ಬೇಡ. ನಾಲ್ಕು ಹನಿ ಉರಿದು ಹೋಗಲು ಮೂವತ್ತು ಹೊಡೆತ ಬೇಕಾದವು. ಪಿಸ್ಟನ್ನಿನ ಸೀಲ್ ಸುಟ್ಟುಹೋಗದೆ ಉಳಿದದ್ದೇ ದೊಡ್ಡದು.

ಹೊಗೆ ನಿಂತ ಮೇಲೆ ಹಾಳೆ ನೋಡಿದರೆ ತೂತುಗಳು ಚದುರಿದ ಅವಲಕ್ಕಿ. ಮೇಲೆ ಹೋಗುವುದು ನಿಂತಿತ್ತು, ಎಡಕ್ಕೆ ಬಲಕ್ಕೆ ಹರಡುವುದು ಶುರುವಾಗಿತ್ತು. ಹೊಸ ನಳಿಗೆಯೇ ಕೆಟ್ಟದ್ದು ಎಂದು ಎರಡು ದಿನ ಬೈದೆ, ಅದನ್ನು ಮಾರಿದ ಅಂಗಡಿಯವನಿಗೆ ವಾಪಸ್ ಕಳಿಸುವ ಪತ್ರವನ್ನೂ ಬರೆದೆ. ಮೂರನೆಯ ದಿನ ನಳಿಗೆಯ ತುದಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದೆ. ಸಡಿಲ ಹಲ್ಲಿನಂತೆ ಕಟ್ ಕಟ್ ಎಂದಿತು. ಕೀಲಿನ ಎರಡೂ ಬದಿಗೆ ಒಂದೊಂದು ತೆಳು ವಾಷರ್ ಇರುತ್ತದೆ. ಎಡಗಡೆಯದು ಇರಲೇ ಇಲ್ಲ. ಗ್ರೀಸ್ ಮೆತ್ತಿದ್ದ ವಾಷರ್ ಪೇಪರಿಗೆ ಅಂಟಿಕೊಂಡು, ಪೇಪರಿನ ಜೊತೆ ಮಹಾನಗರ ಪಾಲಿಕೆಯ ಕಸದ ಗಾಡಿ ಹತ್ತಿತ್ತು.

ಮತ್ತೆ ಚಿಗರಿ ಬಸ್ಸು, ಮತ್ತೆ ಗೋಕುಲ ರಸ್ತೆ. ಈ ಸಲ ಬಲಗಡೆಯ ವಾಷರ್ ಒಂದನ್ನೇ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋದೆ. ಲೇತಿನವನು ಅದನ್ನು ಉಗುರಿನ ಮೇಲಿಟ್ಟುಕೊಂಡು ಅಳೆದ. ಮಿಲಿಮೀಟರಿನ ಐದನೇ ಒಂದು ಭಾಗ. ಹಿತ್ತಾಳೆ ತಗಡಿನಲ್ಲಿ ಅಂಥದೇ ಎರಡು ಕತ್ತರಿಸಿ, ಅಂಚನ್ನು ಕಲ್ಲಿಗೆ ಉಜ್ಜಿ ಕೊಟ್ಟ. "ಒಂದು ಹಾಕ್ರಿ, ಒಂದು ಕಳೀರಿ" ಎಂದ. ದುಡ್ಡು ಬೇಡವೆಂದವನಿಗೆ ಮಿರ್ಚಿ ಕೊಡಿಸಿದೆ. ಮನೆಗೆ ಬಂದು ವಾಷರ್ ಹಾಕಿದೆ. ನಳಿಗೆಯ ಹಿಂಬದಿಗೆ ಹಳೆಯದರಿಂದಲೇ ತೆಗೆದು ಹಾಕಿದ್ದ ರಬ್ಬರ್ ರಿಂಗನ್ನು ಉಗುರಿನಿಂದ ಒತ್ತಿದಾಗ ಪ್ಲಾಸ್ಟಿಕ್ಕಿನಷ್ಟು ಗಟ್ಟಿಯಾಗಿತ್ತು, ಅದನ್ನೂ ಬದಲಿಸಿದೆ. ಗಾಳಿ ಅಲ್ಲಿಂದ ಸೋರಿದರೂ ಹೊಡೆತ ಚದುರುತ್ತದೆ ಎಂದು ಆಗ ತಿಳಿದಿದ್ದರೆ ಬಿಚ್ಚಿದ ದಿನವೇ ನೋಡಿಕೊಳ್ಳುತ್ತಿದ್ದೆ. ಐದು ತೂತುಗಳು ರೂಪಾಯಿಯೊಳಗೆ ಬಂದವು.

ಈಗ ಏನನ್ನು ಬಿಚ್ಚಿದರೂ ಪೇಪರ್ ಹಾಸುವುದಿಲ್ಲ. ಅಂಚಿರುವ ಸ್ಟೀಲ್ ತಟ್ಟೆ ಇಟ್ಟುಕೊಳ್ಳುತ್ತೇನೆ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇನೆ. ಸೀಸ ಮುಟ್ಟಿದ ಕೈ ತೊಳೆಯದೆ ತಿಂಡಿ ಮುಟ್ಟುವುದಿಲ್ಲ. ಅಕ್ಕನ ಮಗ ರಜೆಗೆ ಬಂದಾಗ ಈಗಲೂ ಹೊಡೆಯುತ್ತಾನೆ. ನಳಿಗೆ ಮಡಚುವುದರಿಂದ ಮುಚ್ಚುವವರೆಗೆ ಅದರ ತುದಿ ನನ್ನ ಕೈಯಲ್ಲೇ ಇರುತ್ತದೆ, ಅಷ್ಟರಲ್ಲಿ ಯಾರು ಚಹಾಕ್ಕೆ ಕರೆದರೂ ನಾನು ಏಳುವುದಿಲ್ಲ.

ಗುಂಡಿನ ಬಂದೂಕು ಇರುವವರು ಇದನ್ನು ಓದಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ಅದರ ನಳಿಗೆ ಹೋಗಿದ್ದರೆ ಲೈಸನ್ಸ್ ಪುಸ್ತಕ ತೆಗೆದುಕೊಂಡು, ದುರಸ್ತಿಯ ಲೈಸನ್ಸ್ ಇರುವವರ ಅಂಗಡಿಗೇ ಹೋಗಿ.