ಹಿಮದ ಬಿರುಗಾಳಿಯೂ ಮೇವಿನ ಸಂಗ್ರಹವೂ

ದನಕರುಗಳು ಪ್ರಕೃತಿಯ ವಿಕೋಪದಿಂದ ಸತ್ತಾಗ ನಾವು ದೈವವನ್ನು ದೂರುವುದು ವಾಡಿಕೆ. ಆದರೆ ಆ ಸಾವಿನ ಕಾರಣವು ಎಷ್ಟೋ ವೇಳೆ ಹಲವು ತಿಂಗಳು ಮೊದಲೇ ಯಜಮಾನನ ಅಜಾಗರೂಕತೆಯಲ್ಲಿ ಹುಟ್ಟಿರುತ್ತದೆ. ಅಮೆರಿಕದ ಉತ್ತರ ಬಯಲುಸೀಮೆಯಲ್ಲಿ 1886-87ನೆಯ ಚಳಿಗಾಲದಲ್ಲಿ ಸಂಭವಿಸಿದ ಅನಾಹುತವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಪೂರ್ವಸ್ಥಿತಿ.— ಮೊಂಟಾನ, ವಯೋಮಿಂಗ್, ಡಕೋಟ ಪ್ರಾಂತಗಳಿಗೆ ರೈಲುಮಾರ್ಗ ಬಂದ ಮೇಲೆ, ಅಲ್ಲಿನ ಪೂರ್ವಭಾಗದವರೂ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಧನಿಕರೂ ಹಣ ಹೂಡಿ, ಬೇಲಿಯಿಲ್ಲದ ಸರ್ಕಾರಿ ಬಯಲುಗಳಲ್ಲಿ ಲಕ್ಷಾಂತರ ರಾಸುಗಳನ್ನು ಮೇಯಬಿಟ್ಟರು. ಹುಲ್ಲನ್ನು ಕೊಯ್ದು ಶೇಖರಿಸುವವರು ವಿರಳವಾಗಿದ್ದರು. 1886ರ ಜನವರಿಯಲ್ಲಿಯೇ ದಕ್ಷಿಣದ ಕಾನ್ಸಾಸ್, ಟೆಕ್ಸಾಸ್ ಸೀಮೆಗಳಲ್ಲಿ ಹಿಮದ ಬಿರುಗಾಳಿಯಿಂದ ಅಪಾರ ರಾಸುಗಳು ನಾಶವಾಗಿದ್ದರೂ ಉತ್ತರದವರು ಎಚ್ಚರಗೊಳ್ಳಲಿಲ್ಲ. ಅದೇ ಬೇಸಗೆಯಲ್ಲಿ ಮಳೆಯಿಲ್ಲದೆ ಹುಲ್ಲು ಒಣಗಿತು. ಇದ್ದ ಹುಲ್ಲಿಗೆ ರಾಸುಗಳು ಮಿತಿಮೀರಿದ್ದವು. ಹೀಗೆ ಅವು ಚಳಿಗಾಲಕ್ಕೆ ಮೊದಲೇ ಬಡಕಲಾಗಿದ್ದವು.

ಅನಾಹುತ.— ನವೆಂಬರಿನಲ್ಲಿಯೇ ಹಿಮ ಬೀಳತೊಡಗಿತು. 1887ರ ಜನವರಿಯಲ್ಲಿ ಸ್ವಲ್ಪ ಕರಗಿದ ಹಿಮವು ಪುನಃ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಗಟ್ಟಿಯಾದ ಪದರವಾಯಿತು. ಕುದುರೆಯು ಗೊರಸಿನಿಂದ ಹಿಮವನ್ನು ಕೆದರಿ ಮೇಯಬಲ್ಲದು. ದನವು ಮೂತಿಯಿಂದ ತಳ್ಳಿ ನೋಡುವುದೇ ಹೊರತು ಕೆದರಲರಿಯದು. ಬಳಿಕ ಬಿರುಗಾಳಿಗಳು ಒಂದರ ಹಿಂದೊಂದು ಬೀಸಿದವು. ಉಷ್ಣತೆಯು ಶೂನ್ಯಕ್ಕಿಂತ 40 ಡಿಗ್ರಿ ಕೆಳಕ್ಕೆ ಇಳಿಯಿತು. ರಾಸುಗಳು ಗಾಳಿಗೆ ಬೆನ್ನುಕೊಟ್ಟು ನಡೆಯುತ್ತ, ಹಳ್ಳಗಳಲ್ಲಿಯೂ ಬೇಲಿಗಳ ಬುಡದಲ್ಲಿಯೂ ರಾಶಿರಾಶಿಯಾಗಿ ಸತ್ತವು. ಮೊಂಟಾನದಲ್ಲಿ ಅರ್ಧಕ್ಕೂ ಹೆಚ್ಚು ರಾಸುಗಳು ನಷ್ಟವಾದುವೆಂದು ಅಂದಾಜು. 1901ರಲ್ಲಿ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟರೂ ಡಕೋಟದಲ್ಲಿದ್ದ ತಮ್ಮ ಹಿಂಡಿನ ಬಹುಭಾಗವನ್ನು ಕಳೆದುಕೊಂಡರು.

ಪರಿಣಾಮ.— ಅನೇಕರು ದಿವಾಳಿಯಾದರು. ಉಳಿದವರು ಹಿಂಡುಗಳನ್ನು ಕಿರಿದು ಮಾಡಿ, ಗೋಮಾಳಗಳಿಗೆ ಬೇಲಿ ಹಾಕಿ, ಬೇಸಗೆಯಲ್ಲಿಯೇ ಹುಲ್ಲು ಕೊಯ್ದು ಬಣವೆ ಒಟ್ಟುವ ಪದ್ಧತಿಯನ್ನು ಹಿಡಿದರು. ಮೊಂಟಾನದ ಪ್ರಮುಖ ಪಶುಪಾಲಕ ಗ್ರಾನ್‌ವಿಲ್ ಸ್ಟೂವರ್ಟರಿಗೆ, ತಾವು ಮೇವನ್ನೂ ಆಸರೆಯನ್ನೂ ಒದಗಿಸಲಾರದ ಪ್ರಾಣಿಯ ಒಡೆತನವೇ ಬೇಡವೆನಿಸಿತು.

ನಮಗೆ ಪಾಠ.— ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಳೆ ತಪ್ಪಿದ ವರ್ಷದ ಬೇಸಗೆಯು ಹಸಿದ ರಾಸಿಗೆ ಹಿಮಕ್ಕಿಂತ ಕಡಿಮೆಯಾದುದಲ್ಲ. ಒಂದು ಸಾಧಾರಣ ಎತ್ತಿಗೆ ದಿನಕ್ಕೆ ಸುಮಾರು 8 ಕಿಲೋಗ್ರಾಂ ಒಣಮೇವು ಬೇಕೆಂದಿಟ್ಟುಕೊಂಡರೆ, 120 ದಿನಗಳಿಗೆ 960 ಕಿಲೋಗ್ರಾಂ, ಎಂದರೆ ಜೋಡಿಯೊಂದಕ್ಕೆ ಹತ್ತಿರ ಹತ್ತಿರ 2 ಟನ್ ಬೇಕಾಗುತ್ತದೆ. ಆದುದರಿಂದ ಸುಗ್ಗಿಯಾದೊಡನೆ ಭೂಮಾಲಿಕರು ಮನೆಯ ರಾಸುಗಳನ್ನೂ ಬಣವೆಯನ್ನೂ ಒಟ್ಟಿಗೆ ಲೆಕ್ಕ ಹಾಕತಕ್ಕದ್ದು. ರಾಗಿಹುಲ್ಲು, ಜೋಳದ ದಂಟುಗಳನ್ನು ಅಗ್ಗದ ಕಾಲದಲ್ಲಿ ಮಾರದೆ, ತೇವ ತಗಲದ ಎತ್ತರದ ನೆಲದಲ್ಲಿ ಒಟ್ಟತಕ್ಕದ್ದು. ಮೇವು ಸಾಲದೆಂದು ಕಂಡರೆ, ನಿರುಪಯುಕ್ತ ರಾಸುಗಳನ್ನು ಮೈಯಲ್ಲಿ ಕಸುವಿರುವಾಗಲೇ ಕಡಿಮೆ ಮಾಡುವುದು ಲೇಸು. ಗೋಮಾಳವು ಎಷ್ಟು ರಾಸುಗಳನ್ನು ತಾಳೀತೆಂಬುದನ್ನು ಗ್ರಾಮದ ಮುಖಂಡರು ಊರವರೊಡನೆ ಕುಳಿತು ಗೊತ್ತುಮಾಡಬೇಕು.

ಬಿರುಗಾಳಿಯನ್ನೂ ಬರವನ್ನೂ ತಡೆಯುವುದು ನಮ್ಮ ಕೈಯಲ್ಲಿಲ್ಲ. ಬಣವೆ ಒಟ್ಟುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.